ಕಟ್ಟು ಹಾಕುವ ಅಂಗಡಿಯ ಆರ್ಡರ್ ಪುಸ್ತಕ

ಫೋಟೋಗೆ ಕಟ್ಟು ಹಾಕುವ ಅಂಗಡಿಯಲ್ಲಿ ಗಿರಾಕಿ ಏನನ್ನಾದರೂ ಒಯ್ಯುವ ಮೊದಲು ತನ್ನದೊಂದನ್ನು ಬಿಟ್ಟುಹೋಗಬೇಕು. ಅಜ್ಜನ ಇರುವ ಒಂದೇ ಫೋಟೋ, ಮಗಳ ಪದವಿ ಪತ್ರ, ನಿವೃತ್ತಿಯ ದಿನ ಕೊಟ್ಟ ಸನ್ಮಾನ ಪತ್ರ. ಕಳೆದರೆ ದುಡ್ಡು ಕೊಟ್ಟು ತೀರಿಸುವಂಥವಲ್ಲ. ಆದರೂ ಎಷ್ಟೋ ಕಡೆ ಆರ್ಡರ್ ಎಂದರೆ ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚಿದ ಒಂದು ಹೆಸರು, ಒಂದು ವಾರ, ಅಡ್ವಾನ್ಸಿನ ಮೊತ್ತ. ಉಳಿದದ್ದೆಲ್ಲ ಮಾಲೀಕರ ತಲೆಯಲ್ಲಿ. ಅವರು ಊಟಕ್ಕೆ ಹೋದ ಹೊತ್ತಿನಲ್ಲಿ ಗಿರಾಕಿ ಬಂದರೆ ಅಂಗಡಿಯ ಹುಡುಗನ ಪಾಡು ಕೇಳಬೇಡಿ.

ಅಚ್ಚುಕಟ್ಟಿನವರು ಕಾರ್ಬನ್ ಹಾಕಿ ಬರೆಯುವ, ನಂಬರು ಮುದ್ರಿಸಿದ ಪುಸ್ತಕ ಇಟ್ಟಿರುತ್ತಾರೆ. ಒಂದು ಹಾಳೆ ಗಿರಾಕಿಗೆ, ನಕಲು ಅಂಗಡಿಗೆ, ಅದೇ ನಂಬರು ಚಿತ್ರವಿಟ್ಟ ಲಕೋಟೆಯ ಮೇಲೆ. ಚಿತ್ರಕ್ಕೇ ಚೀಟಿ ಅಂಟಿಸಬಾರದು, ಗೋಂದಿನ ಕಲೆ ಹೋಗುವುದಿಲ್ಲ.

ಹೆಚ್ಚು ಎಡವುವುದು ಅಳತೆಯಲ್ಲಿ. 12-18 ಎಂದಷ್ಟೇ ಬರೆದರೆ ಅದು ಚಿತ್ರದ್ದೋ, ಗಾಜಿನದೋ, ಕಟ್ಟಿನ ಹೊರ ಅಂಚಿನದೋ? ಆ ಚಿತ್ರದ ಸುತ್ತ ಎರಡಿಂಚು ಮೌಂಟ್ ಬಿಟ್ಟರೆ ಗಾಜು 16-22 ಆಗುತ್ತದೆ, ಸುತ್ತಳತೆ 76 ಇಂಚು. ಮೂಲೆಗಳನ್ನು 45 ಡಿಗ್ರಿಗೆ ಕೊಯ್ಯುವುದರಿಂದ ಪಟ್ಟಿಯ ಅಗಲದ ಎಂಟರಷ್ಟು ಹೆಚ್ಚಿಗೆ ಬೇಕು. ಒಂದೂವರೆ ಇಂಚಿನ ಪಟ್ಟಿಗೆ ಅದು 12 ಇಂಚು. ಒಟ್ಟು 7 ಅಡಿ 4 ಇಂಚು. ಮೌಂಟ್ ಇಲ್ಲದಿದ್ದರೆ 6 ಅಡಿ ಸಾಕು. ಚೀಟಿಯಲ್ಲಿ ಒಂದು ಪದ ಬಿಟ್ಟುಹೋದರೆ ಇಷ್ಟು ವ್ಯತ್ಯಾಸ. ಮೌಂಟ್ ಬೇಡವೆಂದರೆ ಚಿತ್ರದ ಅಂಚು ಪಟ್ಟಿಯ ತೋಡಿನೊಳಗೆ ಹೋಗುತ್ತದೆ ಎಂದೂ ಹೇಳಿ ಬರೆಯಬೇಕು. ಕಲಾವಿದರ ರುಜು ಅಲ್ಲಿದ್ದರೆ ಅದೂ ಮುಚ್ಚಿಹೋಗುತ್ತದೆ. ಮೈಸೂರು ಶೈಲಿಯ ಚಿತ್ರ ಬಂದರಂತೂ ಉಬ್ಬುಕೆಲಸಕ್ಕೂ ಚಿನ್ನದ ಹಾಳೆಗೂ ಗಾಜು ತಾಗದಂತೆ ನಡುವೆ ಸಂದು ಬಿಡಬೇಕೆಂಬ ಸೂಚನೆ ಪಟ್ಟಿ ಕೊಯ್ಯುವವನಿಗೆ ಕಾಣುವಂತಿರಬೇಕು.

ನನ್ನ ಮಟ್ಟಿಗೆ ಈ ಪುಸ್ತಕದ ಮುಖ್ಯ ಕಲಮು ಬೆಲೆಯದ್ದಲ್ಲ, ವಸ್ತು ಬಂದ ಸ್ಥಿತಿಯದ್ದು. ಬಲಮೂಲೆಯಲ್ಲಿ ಮಡಿಕೆ, ಕೆಳಗೆ ಗೆದ್ದಲಿನ ಗುರುತು, ಹಿಂದೆ ನೀರಿನ ಕಲೆ. ಮಲೆನಾಡು, ಕರಾವಳಿಯ ತೇವಕ್ಕೆ ಹಳೆಯ ಫೋಟೋಗಳು ಗಾಜಿಗೇ ಅಂಟಿಕೊಂಡಿರುತ್ತವೆ. ಬಿಡಿಸುವಾಗ ಮುಖವೇ ಕಿತ್ತುಬರಬಹುದು. ಇದನ್ನು ಗಿರಾಕಿಯ ಎದುರೇ ಹೇಳಿ, ಬರೆದು, ಸಹಿ ಹಾಕಿಸಿಕೊಳ್ಳಬೇಕು. ಈಗ ಮೊಬೈಲಿನಲ್ಲಿ ಎರಡೂ ಬದಿಯ ಫೋಟೋ ತೆಗೆದಿಡುವುದು ಸುಲಭ. ಆದರೆ ಅದಕ್ಕೂ ಆರ್ಡರ್ ನಂಬರ್ ಬೇಕು, ಇಲ್ಲದಿದ್ದರೆ ಮದುವೆ ಮನೆಯ ಸೆಲ್ಫಿಗಳ ನಡುವೆ ಹುಡುಕುತ್ತ ಕೂರಬೇಕು.

ಕಾನೂನೂ ಇಲ್ಲಿದೆ. 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಂ ಪ್ರಕಾರ, ಸಾಮಾನ್ಯ ವಿವೇಕವುಳ್ಳವನು ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟೇ ಜೋಪಾನವಾಗಿ ಒಪ್ಪಿಸಿದ ವಸ್ತುವನ್ನೂ ನೋಡಿಕೊಳ್ಳಬೇಕು. 170ನೇ ಕಲಂ ಅಂಗಡಿಯವರ ಪರ: ಮಾಡಿದ ಕೆಲಸದ ಕೂಲಿ ಬರುವ ತನಕ ವಸ್ತುವನ್ನು ತಡೆದಿಟ್ಟುಕೊಳ್ಳಬಹುದು. ಎರಡಕ್ಕೂ ಸಾಕ್ಷಿ ಈ ಚೀಟಿಯೇ.

ವೈಕುಂಠ ಸಮಾರಾಧನೆಗೆ ಬೇಕಾದ ಫೋಟೋದ ದಿನ ಮುಂದೆ ಹೋಗುವಂತಿಲ್ಲ. ಅದನ್ನು ಕೆಂಪು ಶಾಯಿಯಲ್ಲಿ ಬರೆಯುವುದು ಒಳ್ಳೆಯದು. ಹಾರದ ಫೋಟೋದ ಕೆಳಗೆ ಬರುವ ಹೆಸರು, ತಾರೀಕುಗಳನ್ನು ಮನೆಯವರ ಕೈಯಲ್ಲೇ ಬರೆಸಿಕೊಳ್ಳಬೇಕು. ಇನ್ನು ಕೆಲವರು ಆರ್ಡರ್ ಕೊಟ್ಟು ಮರಳಿ ಬರುವುದೇ ಇಲ್ಲ. 170ನೇ ಕಲಂ ಇಟ್ಟುಕೊಳ್ಳಲು ಬಿಡುತ್ತದೆಯೇ ಹೊರತು ಮಾರುವ ಹಕ್ಕು ಕೊಡುವುದಿಲ್ಲ. ಮಾರಿದರೂ ಯಾರದೋ ಅಜ್ಜನನ್ನು ಕೊಳ್ಳುವವರು ಯಾರು? ಚೀಟಿಯಲ್ಲಿ ಮನೆಯ ಇನ್ನೊಬ್ಬರ ಫೋನ್ ನಂಬರನ್ನೂ ಕೇಳಿ ಬರೆದುಕೊಳ್ಳುವುದು ಇದಕ್ಕೇ.