ಬಾಲ ಸೊರಗುವ ಮುನ್ನ

ಹಲ್ಲಿ ಲೊಚಗುಟ್ಟಿದರೆ ಶಕುನ ನೋಡುವ, ಮೈಮೇಲೆ ಬಿದ್ದರೆ ಕಂಚಿಯ ವರದರಾಜಸ್ವಾಮಿ ದೇಗುಲದ ಚಿನ್ನದ ಹಲ್ಲಿಯನ್ನು ನೆನೆಯುವ ಮನೆಗಳಲ್ಲಿ ಇಂದು ಮಕ್ಕಳು ಹಲ್ಲಿಯನ್ನೇ ಸಾಕಲು ಹಂಬಲಿಸುವುದುಂಟು. ಅವರು ಬಯಸುವುದು ಗೋಡೆಯ ಹಲ್ಲಿಯನ್ನಲ್ಲ, ಮೈತುಂಬ ಚುಕ್ಕೆಗಳಿರುವ ಲೆಪರ್ಡ್ ಗೆಕೊವನ್ನು. ಆಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುನೆಲ ಇದರ ತವರು. ಇದು ಗೋಡೆ ಹತ್ತಲಾರದು. ಮನೆಹಲ್ಲಿಗಿಲ್ಲದ ಕಣ್ಣುರೆಪ್ಪೆ ಇದಕ್ಕುಂಟು. ಚೆನ್ನಾಗಿ ಸಾಕಿದರೆ 15 ವರ್ಷ ಮೀರಿ ಬದುಕುತ್ತದೆ.

ತೊಡಕೆಂದರೆ, ಈ ಜೀವಿ ತನ್ನ ನೋವನ್ನು ಬಚ್ಚಿಡುತ್ತದೆ. ದುರ್ಬಲವೆಂದು ತೋರಿದ ಪ್ರಾಣಿ ಬಯಲಿನಲ್ಲಿ ಬೇಗ ಬೇಟೆಯಾಗುವುದರಿಂದ ಬಂದ ಗುಣವಿದು. ಕಾಯಿಲೆ ಮನೆಯವರ ಕಣ್ಣಿಗೆ ಬೀಳುವ ವೇಳೆಗೆ ಅನೇಕ ದಿನಗಳು ಕಳೆದಿರುತ್ತವೆ.

ಮೊದಲು ನೋಡಬೇಕಾದುದು ಬಾಲವನ್ನು. ಆಹಾರದ ಕೊಬ್ಬು ಅಲ್ಲಿಯೇ ಶೇಖರವಾಗುವುದರಿಂದ ಆರೋಗ್ಯವಂತ ಗೆಕೊದ ಬಾಲ ದುಂಡಗಿರುತ್ತದೆ. ಬೆಳೆದ ಗೆಕೊ ಚಳಿಗಾಲದಲ್ಲಿ ಕೆಲವು ವಾರ ಉಣ್ಣದಿದ್ದರೂ ಬಾಲ ದಪ್ಪಗಿದ್ದರೆ ಗಾಬರಿ ಬೇಡ. ಉಣ್ಣುತ್ತಿದ್ದರೂ ಬಾಲ ಕಡ್ಡಿಯಾಗುತ್ತಿದ್ದರೆ, ಮಲ ನೀರಾಗಿದ್ದರೆ, ಕರುಳಿನಲ್ಲಿ ಪರೋಪಜೀವಿಗಳಿರುವ ಸಂಭವವಿದೆ. ಅವುಗಳಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬುದಕ್ಕೆ ಖಚಿತವಾದ ಮದ್ದಿಲ್ಲ. ಇತರ ಗೆಕೊಗಳಿಗೂ ಹರಡುತ್ತದೆ. ಆದುದರಿಂದ ಕಾಯಿಲೆಯ ಗೆಕೊವನ್ನು ಕೂಡಲೆ ಬೇರೆ ಪೆಟ್ಟಿಗೆಗೆ ಸಾಗಿಸಬೇಕು. ಗ್ರಾಂ ತೋರಿಸುವ ಪುಟ್ಟ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ನೋಟುಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮಕ್ಕಳಿಗೇ ವಹಿಸಬಹುದು. 60 ಗ್ರಾಂ ಇದ್ದ ಗೆಕೊ 54ಕ್ಕೆ ಇಳಿದಿದ್ದರೆ ಕಣ್ಣಿಗೆ ಕಾಣದು, ಪುಸ್ತಕದಲ್ಲಿ ಕಾಣುತ್ತದೆ.

ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗುವುದು, ಕಾಲು ಬಾಗುವುದು, ದವಡೆ ಮೆತ್ತಗಾಗುವುದು ಸುಣ್ಣದಂಶದ ಕೊರತೆಯ ಗುರುತು. ಬರಿಯ ಹುಳುಗಳಲ್ಲಿ ಕ್ಯಾಲ್ಸಿಯಂ ಸಾಲದು. ಜೀರುಂಡೆಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು, ಡಿ3 ಜೀವಸತ್ವವೂ ಬೇಕು. ಹತ್ತಿಹೊಲದಿಂದ ಹಿಡಿದು ತಂದ ಹುಳುಗಳಲ್ಲಿ ಕೀಟನಾಶಕವಿರಬಹುದು, ಅವು ಬೇಡವೇ ಬೇಡ.

ಪೊರೆ ಕಳಚಿದ ಮರುದಿನ ಬೆರಳುಗಳನ್ನು ಎಣಿಸಿ ನೋಡಬೇಕು. ಉಳಿದ ಪೊರೆ ಬೆರಳಿಗೆ ಬನಿಯನ್ನಿನ ದಾರ ಬಿಗಿದಂತೆ ರಕ್ತ ತಡೆಯುತ್ತದೆ, ಬೆರಳೇ ಉದುರೀತು. ಎಳೆಯಬಾರದು. ಬೆಚ್ಚಗಿನ ನೀರಿನಲ್ಲಿ ನೆನೆಸಿ, ಒದ್ದೆ ಹತ್ತಿಯ ತುದಿಯಿಂದ ಮೆಲ್ಲನೆ ಬಿಡಿಸಬೇಕು. ರೆಪ್ಪೆ ಅಂಟಿಕೊಂಡು ಕಣ್ಣು ತೆರೆಯದಿದ್ದರೆ ವೈದ್ಯರಿಗೇ ಬಿಡುವುದು ಲೇಸು.

ಉಷ್ಣತೆಯ ವಿಷಯದಲ್ಲಿ ಈ ಎರಡು ಜಿಲ್ಲೆಗಳು ಒಂದೇ ಅಲ್ಲ. ಪಾಲಕ್ಕಾಡ್ ಕಣಿವೆಯಿಂದ ಮಳೆಗಾಳಿ ಬೀಸುವಾಗ ಕೊಯಮತ್ತೂರಿನ ಕೋಣೆ ತಂಪಾಗುತ್ತದೆ. ಬೆಚ್ಚನೆಯ ಮೂಲೆಯಲ್ಲಿ 31-32 ಡಿಗ್ರಿ ಇಲ್ಲದಿದ್ದರೆ ತಿಂದದ್ದು ಅರಗದು. ಬೇಸಿಗೆಯಲ್ಲಿ ತಿರುಪ್ಪೂರಿನ ತಗಡು ಛಾವಣಿಯ ಮನೆಗೆ ಇದರ ತದ್ವಿರುದ್ಧ ಚಿಂತೆ: ತಂಪಿನ ಮೂಲೆಯೇ ಅಲ್ಲಿ ಪ್ರಾಣ. ಬಾಯಿ ತೆರೆದು ಉಸಿರಾಡುವುದು, ಬಾಯಂಚಿನಲ್ಲಿ ಲೋಳೆ ಬರುವುದು ಎರಡೂ ಕಡೆ ತುರ್ತಿನ ಲಕ್ಷಣಗಳೇ.

ಮನುಷ್ಯರ ಮಾತ್ರೆಯನ್ನು ಅರೆದು ಕೊಡಬಾರದು. ಮುಟ್ಟಿದ ಮೇಲೆ ಸೋಪಿನಿಂದ ಕೈತೊಳೆಯಬೇಕು. ಆರೋಗ್ಯವಾಗಿರುವ ಗೆಕೊದಲ್ಲೂ ಸಾಲ್ಮೊನೆಲ್ಲಾ ಇರಬಹುದಾದ್ದರಿಂದ ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡದಿರುವುದೇ ಕ್ಷೇಮ. ಎಲ್ಲ ಪಶುವೈದ್ಯರೂ ಸರೀಸೃಪಗಳನ್ನು ನೋಡುವುದಿಲ್ಲ. ಉಡುಮಲೈಪೇಟೆಯಲ್ಲಿ ಪಶುವೈದ್ಯ ಕಾಲೇಜೇ ಇದ್ದರೂ, ಅಲ್ಲಿಗಾಗಲಿ ನಗರದ ಚಿಕಿತ್ಸಾಲಯಕ್ಕಾಗಲಿ ಹೊರಡುವ ಮುನ್ನ ದೂರವಾಣಿಯಲ್ಲಿ ವಿಚಾರಿಸಬೇಕು. ಗಾಳಿರಂಧ್ರವಿರುವ ಡಬ್ಬಿಯಲ್ಲಿ ಮೆತ್ತನೆಯ ಬಟ್ಟೆ ಹಾಸಿ ಗೆಕೊವನ್ನಿಟ್ಟು, ಅಂದಿನ ಮಲವನ್ನು ಸಣ್ಣ ಪೊಟ್ಟಣದಲ್ಲಿ ಕಟ್ಟಿ, ತೂಕದ ಪುಸ್ತಕವನ್ನೂ ಜೊತೆಗೆ ಒಯ್ಯಬೇಕು.