ಒಂದು ಕೂದಲಿಗೆ ಒಂದು ಕಾಳು

ಪುತ್ತೂರು, ಸುಳ್ಯ, ಕಡಬದ ಕಡೆ ಅಡಿಕೆ, ತೆಂಗು, ಕಾಳುಮೆಣಸು, ಗೇರು, ರಬ್ಬರ್ ಎಲ್ಲ ಉಂಟು. ಜೋಳ ಮಾತ್ರ ಕಾಣಸಿಗುವುದು ಅಪರೂಪ. ಮೆಕ್ಕೆಜೋಳ ಎಂದರೆ ದಾವಣಗೆರೆ, ಹಾವೇರಿ ಕಡೆಯ ಬೆಳೆ. ಆದರೆ ಮಕ್ಕಳು ಜಾತ್ರೆಯಲ್ಲಿ ಆಸೆಪಟ್ಟು ತಿನ್ನುವ ಸ್ವೀಟ್ ಕಾರ್ನನ್ನು ನಮ್ಮ ಅಂಗಳದ ಬದಿಯಲ್ಲೇ ಬೆಳೆಯಬಹುದು. ಕಳೆದ ವರ್ಷ ನಾನೂ ಐದನೇ ಕ್ಲಾಸಿನ ಮೊಮ್ಮಗಳೂ ಸೇರಿ ಬೆಳೆದೆವು.

ಬೀಜದ ಪೊಟ್ಟಣ ಬಿಡಿಸಿದವಳೇ, "ಅಜ್ಜಾ, ಇದು ಚಿರುಟಿಹೋಗಿದೆ, ಹಾಳಾಗಿದೆಯಾ?" ಎಂದಳು. ಹಾಳಾದದ್ದಲ್ಲ. ಸಾಮಾನ್ಯ ಜೋಳದ ಕಾಳಿನಲ್ಲಿ ಹಿಟ್ಟು ತುಂಬಿರುತ್ತದೆ. ಸಿಹಿಜೋಳದಲ್ಲಿ ಸಕ್ಕರೆ ಹಿಟ್ಟಾಗುವುದು ಕಡಿಮೆ. ಹಾಗಾಗಿ ಒಣಗಿದಾಗ ಕಾಳು ಸುಕ್ಕುಗಟ್ಟುತ್ತದೆ.

ನಮ್ಮ ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತು ಗಿಡ ಕೊಳೆಯುತ್ತದೆ. ಆದ್ದರಿಂದ ದೀಪಾವಳಿ ಕಳೆದ ಮೇಲೆ ಬಿತ್ತಿದೆವು. ಅಡಿಕೆ ತೋಟದ ನೆರಳು ಇದಕ್ಕೆ ಆಗದು, ದಿನವಿಡೀ ಬಿಸಿಲು ಬೇಕು. ಮಣ್ಣಿಗೆ ಹಟ್ಟಿಗೊಬ್ಬರ, ಸುಡುಮಣ್ಣು ಬೆರೆಸಿದೆವು. ಒಂದೇ ಉದ್ದ ಸಾಲಿನ ಬದಲು ಐದು ಸಾಲು, ಸಾಲಿಗೆ ಎಂಟು ಗಿಡ. ಸಾಲುಗಳ ನಡುವೆ 2 ಅಡಿ, ಗಿಡಗಳ ನಡುವೆ 1 ಅಡಿ.

ಹೀಗೆ ಗುಂಪಾಗಿ ನೆಡಲು ಕಾರಣವಿದೆ. ಗಿಡದ ತುದಿಯ ಗರಿ ಗಂಡು ಹೂ. ಕೆಳಗಿನ ತೆನೆಯಿಂದ ಇಳಿಯುವ ಕೂದಲು ಹೆಣ್ಣು ಹೂವಿನದು. ಒಂದೊಂದು ಕೂದಲೂ ಒಳಗಿನ ಒಂದೊಂದು ಕಾಳಿಗೆ ಸೇರಿದೆ. ಗಾಳಿ ತಂದ ಪರಾಗ ಕೂದಲಿಗೆ ಅಂಟಿದರೆ ಕಾಳು ಕಟ್ಟುತ್ತದೆ, ಇಲ್ಲವಾದರೆ ಆ ಜಾಗ ಬೋಳು. ಗಿಡಗಳು ಒತ್ತಟ್ಟಿಗಿದ್ದರೆ ಪರಾಗ ವ್ಯರ್ಥವಾಗುವುದು ಕಡಿಮೆ. ಮೊಮ್ಮಗಳು ದಿನಾ ಬೆಳಿಗ್ಗೆ ಗಿಡಗಳನ್ನು ಮೆಲ್ಲನೆ ಅಲುಗಿಸುತ್ತಿದ್ದಳು. ಸುಳಿಯಲ್ಲಿ ಸೈನಿಕ ಹುಳು ಸಿಕ್ಕಿದರೆ ಹೆಕ್ಕಿ ತೆಗೆಯುವುದು ನನ್ನ ಕೆಲಸ. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ.

ಕೂದಲು ಮೂಡಿದ ದಿನವನ್ನು ಅವಳು ಕ್ಯಾಲೆಂಡರಿನಲ್ಲಿ ಗುರುತು ಮಾಡಿದಳು. ಅಲ್ಲಿಂದ ಸುಮಾರು 20 ದಿನಕ್ಕೆ ಕೊಯ್ಲು. ಹದಿನಾರನೆಯ ದಿನ ಮಂಗಗಳ ಹಿಂಡು ಬಂತು! ಒಂದೇ ಹೊತ್ತಿನಲ್ಲಿ ಹನ್ನೊಂದು ತೆನೆ ಮಾಯ. "ಉಳಿದದ್ದನ್ನಾದರೂ ಈಗಲೇ ಕೊಯ್ಯುವ" ಎಂದಳು ಅಜ್ಜಿ. "ಇನ್ನೂ ನಾಲ್ಕು ದಿನ ಬೇಕು" ಎಂದು ಮೊಮ್ಮಗಳು ಕಣ್ಣಲ್ಲಿ ನೀರು ತುಂಬಿಕೊಂಡಳು. ಬೇಗ ಕೊಯ್ದರೆ ಕಾಳು ನೀರುನೀರು, ತಡವಾದರೆ ಹಿಟ್ಟುಹಿಟ್ಟು. ಕೊನೆಗೆ ಸರದಿಯಲ್ಲಿ ಕಾವಲು ಕೂತೆವು. ನಾನು ಹಗಲಿಡೀ, ಅವಳು ಶಾಲೆ ಬಿಟ್ಟ ಮೇಲೆ, ಕೈಯಲ್ಲಿ ತಗಡಿನ ಡಬ್ಬ.

ಇಪ್ಪತ್ತನೆಯ ದಿನ ಕೂದಲು ಒಣಗಿ ಕಂದಾಗಿತ್ತು, ಸಿಪ್ಪೆ ಹಸಿರಾಗಿಯೇ ಇತ್ತು. ಸಿಪ್ಪೆ ತುಸು ಸರಿಸಿ ಕಾಳಿಗೆ ಉಗುರು ಒತ್ತಿದಳು. ಹಾಲು ಚಿಮ್ಮಿತು. ತಿಳಿನೀರು ಬಂದರೆ ಎಳತು, ಏನೂ ಬಾರದಿದ್ದರೆ ಬಲಿತದ್ದು, ಹಾಲು ಬಂದರೆ ಹದ.

ನಮಗೆ ಸಿಕ್ಕಿದ್ದು ಇಪ್ಪತ್ತಾರು ತೆನೆ. ಕೊಯ್ದ ಗಳಿಗೆಯಿಂದ ಸಿಹಿ ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ಮಕ್ಕಳೇ, ತಂಪು ಹೊತ್ತಿನಲ್ಲಿ, ಬೆಳಿಗ್ಗೆಯೇ ಕೊಯ್ಯಿರಿ. ಅಷ್ಟರಲ್ಲಿ ಒಲೆಯ ಮೇಲೆ ನೀರು ಕುದಿಯುತ್ತಿರಲಿ. ದಂಟು, ಸಿಪ್ಪೆ ಹಟ್ಟಿಯ ದನಕ್ಕೆ.