ಫೇರೋನ ಕೆಲಸಗಾರರ ಮುಷ್ಕರ

ಚರಿತ್ರೆಯಲ್ಲಿ ವಿವರವಾಗಿ ದಾಖಲಾದ ಅತ್ಯಂತ ಹಳೆಯ ಮುಷ್ಕರ
ಯಾರ ಆಳ್ವಿಕೆಯಲ್ಲಿ ನಡೆಯಿತು?

ದೇವಾಂಶವೆಂದೇ ಪೂಜಿತನಾಗಿದ್ದ
ಈಜಿಪ್ಟಿನ ಫೇರೋ, ಅಂದರೆ ಅರಸ,
ಮೂರನೆಯ ರಾಮ್ಸೆಸನ ಆಳ್ವಿಕೆಯಲ್ಲಿ.

ಅದು ಕ್ರಿಸ್ತಪೂರ್ವ 12ನೆಯ ಶತಮಾನ,
ಅವನು ಪಟ್ಟಕ್ಕೇರಿದ 29ನೆಯ ವರ್ಷ.
ರಾಜರ ಕಣಿವೆಯ ಬಂಡೆಗಳಲ್ಲಿ ಅರಸರ ಗೋರಿಗಳನ್ನು ಕೊರೆದು,
ಗೋಡೆಗಳಿಗೆ ಚಿತ್ರ ಬರೆಯುತ್ತಿದ್ದ ಕುಶಲಕರ್ಮಿಗಳು
ದೇರ್ ಎಲ್-ಮದೀನಾ ಎಂಬ ಊರಿನಲ್ಲಿ ನೆಲೆಸಿದ್ದರು.

ನಾಣ್ಯದ ಚಲಾವಣೆಯಿಲ್ಲದ ಆ ಕಾಲದಲ್ಲಿ,
ಕನ್ನಡನಾಡಿನ ಆಯಗಾರರಿಗೆ ಕಣದಲ್ಲಿ ಧಾನ್ಯ ಅಳೆದುಕೊಡುತ್ತಿದ್ದಂತೆ,
ಅವರಿಗೂ ಸಂಬಳವೆಂದರೆ ಧಾನ್ಯವೇ:
ರೊಟ್ಟಿಗೆ ಗೋಧಿ, ಬಿಯರಿಗೆ ಬಾರ್ಲಿ.

ತಿಂಗಳಲ್ಲಿ 18 ದಿನ ಕಳೆದರೂ ಅದು ಕೈಸೇರದಿದ್ದಾಗ,
ಅವರು ಕೆಲಸ ನಿಲ್ಲಿಸಿ, ಕಾವಲು ಗೋಡೆಗಳನ್ನು ದಾಟಿ,
ಮೂರನೆಯ ಥುಟ್‌ಮೋಸನ ಸ್ಮಾರಕ ದೇಗುಲದ ಹಿಂಬದಿಯಲ್ಲಿ
ಕುಳಿತೇಬಿಟ್ಟರು.

ಮೀನಿಲ್ಲ, ತರಕಾರಿಯಿಲ್ಲ, ಬಟ್ಟೆಯಿಲ್ಲ,
ಮೈಗೆ ಹಚ್ಚುವ ಎಣ್ಣೆಯೂ ಇಲ್ಲವೆಂಬ ಅವರ ದೂರನ್ನು ಹೊತ್ತ
ಪಪೈರಸ್, ಅಂದರೆ ಜೊಂಡಿನ ಹಾಳೆ,
ಇಂದು ಇಟಲಿಯ ಟ್ಯೂರಿನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ.
ಎಣ್ಣೆಯ ಬೇಡಿಕೆ ಶೋಕಿಯದಲ್ಲ;
ಮರುಭೂಮಿಯ ಒಣಗಾಳಿಯಲ್ಲಿ ಚರ್ಮಕ್ಕೆ ಅದೇ ರಕ್ಷೆ.

ಅಧಿಕಾರಿಗಳ ಸಮಾಧಾನದ ಮಾತು ಫಲಿಸಲಿಲ್ಲ;
ಬಾಕಿ ಧಾನ್ಯ ಬಂದ ಮೇಲಷ್ಟೇ ಕೆಲಸಗಾರರು ಮರಳಿದರು,
ಪಡಿತರ ಮತ್ತೆ ತಪ್ಪಿದಾಗ
ಮತ್ತೆ ಹೊರನಡೆದರು.